ಡಬ್ಬಿ ಹಾಲಿನ ಹತ್ತು ವರ್ಷ

ಅವರ ಹತ್ತೂ ಬೆರಳ ತುದಿಗಳು ಬಿಳುಚಿಕೊಂಡು, ನೀರಲ್ಲಿ ನೆನೆಹಾಕಿದ ಕಡಲೆಯಂತೆ ಸುಕ್ಕುಗಟ್ಟಿರುತ್ತಿದ್ದವು. ಉಗುರು ಬೆಳೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಯಾರ ಮನೆ ಹೊಕ್ಕರೂ ಮೊದಲು ಕೈ ತೊಳೆಯಲು ಬಿಸಿನೀರು ಕೇಳುವರು. ಸೋಪು ಮಾತ್ರ ತಮ್ಮದೇ. ಚೀಲದೊಳಗಿನ ಅಲ್ಯೂಮಿನಿಯಂ ಡಬ್ಬಿಯಿಂದ ಅದನ್ನು ತೆಗೆದು ಮೊಣಕೈವರೆಗೂ ತಿಕ್ಕಿ ತೊಳೆದು, ಒರೆಸಿಕೊಳ್ಳದೆ, ಎರಡೂ ಕೈ ಮೇಲೆತ್ತಿ ಗಾಳಿಗೆ ಆರಿಸಿಕೊಳ್ಳುವರು. ಹಾಗೆ ನಿಂತಾಗ ನಮ್ಮತ್ತೆ, "ದೇವರು ಬಂದೋರಂಗೆ ನಿಂತಾಳೆ ನೋಡು" ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದರು.

ಊರೆಲ್ಲ ಅವರನ್ನು ನರ್ಸಮ್ಮ ಎನ್ನುತ್ತಿತ್ತು. ಹಿರಿಯೂರಿನವರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ, ಎಪ್ಪತ್ತರಲ್ಲಿ ತಾಳ್ಯದ ಆಚೆಗಿನ ನಮ್ಮೂರಿಗೆ ಬಂದರು. ಅದೇ ವರ್ಷ ನಾನು ಚಿತ್ರದುರ್ಗದಿಂದ ಆ ಊರಿಗೆ ಸೊಸೆಯಾಗಿ ಬಂದೆ. ನಮ್ಮದು ಕುರಿ ಸಾಕುವ ಮನೆ. ಹಿತ್ತಲಲ್ಲೇ ಕುರಿ ರೊಪ್ಪ, ಅಟ್ಟದ ಮೇಲೆ ಉಣ್ಣೆ, ಪಡಸಾಲೆಯಲ್ಲಿ ಕಂಬಳಿ.

ಬರುವಾಗ ಅವರ ಒಂದು ಹೆಗಲಲ್ಲಿ ಔಷಧಿ ಚೀಲ, ಇನ್ನೊಂದರಲ್ಲಿ ಟ್ರಾನ್ಸಿಸ್ಟರ್ ಇತ್ತು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಸಂಜೆ ನಮ್ಮ ಜಗಲಿಯ ಮೇಲೆ ಅದನ್ನಿಟ್ಟು ಕೂತರೆ ಬೀದಿಯೇ ನೆರೆಯುತ್ತಿತ್ತು. ವಾರ್ತೆ ಮುಗಿದ ಮೇಲೆ ಅವರದೇ ವಾರ್ತೆ ಶುರುವಾಗುತ್ತಿತ್ತು.

"ಮನುಷರು ಚಂದ್ರನ ಮೇಲೆ ಕಾಲಿಟ್ಟು ಬಂದವ್ರೆ ಯಜಮಾನ್ರೇ. ಇನ್ನು ಹತ್ತು ವರ್ಷ ತಡ್ಕಳ್ರಿ. ಹೆರಿಗೇಲಿ ಸಾಯೋ ಹೆಂಗಸರು ಇರಲ್ಲ. ಭೇದಿಗೆ ಸಾಯೋ ಕೂಸು ಇರಲ್ಲ."

ನಮ್ಮ ಮಾವ ಬೀಡಿಯ ಬೂದಿ ಕೊಡವುತ್ತ, "ಅಲ್ಲ ನರ್ಸಮ್ಮ, ಚಂದ್ರನ ತಂಕ ಹೋದೋರು ನಮ್ಮ ಹಳ್ಳಕ್ಕೆ ಒಂದು ಮೋರಿ ಹಾಕ್ಸಿ ಹೋಗಬೇಕಿತ್ತಪ್ಪ, ದಾರಿ ಮ್ಯಾಲೇ ಐತಲ್ಲ" ಎನ್ನುವರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನರ್ಸಮ್ಮನೇ. ನಕ್ಕು ಮತ್ತೆ, "ಅದೂ ಬರುತ್ತೆ, ಹತ್ತು ವರ್ಷ ತಡ್ಕಳ್ರಿ" ಎಂದು ಮುಗಿಸುವರು. ಆ ಮಾತು ಎಷ್ಟು ಬಾಯಲ್ಲಿತ್ತೆಂದರೆ ಊರ ಹೈಕಳು ಅವರನ್ನು ಕಂಡರೆ "ಹತ್ತು ವರ್ಷ ಬಂತು, ಹತ್ತು ವರ್ಷ ಬಂತು" ಎಂದು ಓಡುತ್ತಿದ್ದವು.

ನಮ್ಮತ್ತೆಯಂಥವರನ್ನು ಅವರು ಗೆದ್ದದ್ದು ರೇಡಿಯೊದಿಂದಲ್ಲ, ಕುರಿಯಿಂದ. ನನ್ನ ಚೊಚ್ಚಲ ಮಗಳು ಹುಟ್ಟಿದಾಗ ಮೊದಲ ಮೂರು ದಿನದ ಹಾಲನ್ನು ಹಿಂಡಿ ಚೆಲ್ಲಬೇಕು ಎಂದು ಅತ್ತೆ ಬಟ್ಟಲು ಹಿಡಿದು ಕೂತಿದ್ದರು. ಅದು ಕೆಟ್ಟ ಹಾಲು, ಕೂಸಿಗೆ ಆಗದು ಎಂಬುದು ಮನೆಯ ನಂಬಿಕೆ. ನರ್ಸಮ್ಮ ವಾದಕ್ಕಿಳಿಯಲಿಲ್ಲ.

"ದೊಡ್ಡಮ್ಮ, ಕುರಿ ಈದ ತಕ್ಷಣ ಮರಿಗೆ ಏನು ಕುಡಿಸ್ತೀರಿ?"

"ಗಿಣ್ಣು ಹಾಲು. ಅದಿಲ್ದೆ ಮರಿ ಎದ್ದು ನಿಂತಾತಾ?"

"ಮರಿ ನಿಲ್ಲಬೇಕು, ಮೊಮ್ಮಗಳು ನಿಲ್ಲಬಾರದಾ?"

ಅತ್ತೆ, "ಮನುಷರನ್ನೂ ಕುರಿಯನ್ನೂ ಒಂದೇ ಮಾಡ್ತಾಳೆ ಮಾರಾಯ್ತಿ" ಎಂದು ಬೈದು ಬಟ್ಟಲನ್ನು ಒಳಗಿಟ್ಟುಬಂದರು. ಅವತ್ತಿನಿಂದ ನರ್ಸಮ್ಮ ಹೇಳಿದ್ದೇ ನಮ್ಮ ಮನೆಯಲ್ಲಿ ಕೊನೆಯ ಮಾತು. ನಮ್ಮ ಮನೆಯ ಮಾತು ಬೀದಿಯ ಮಾತಾಗಲು ತಡವಾಗಲಿಲ್ಲ.

ಆ ಹತ್ತು ವರ್ಷದಲ್ಲಿ ಒಂದೊಂದಾಗಿ ಏನೇನೋ ಬಂದವು. ಕರೆಂಟು ಬಂತು, ಹಿಟ್ಟಿನ ಗಿರಣಿ ಬಂತು, ನೈಲಾನ್ ಸೀರೆ, ಸ್ಟೀಲು ಬಿಂದಿಗೆ, ಮದುವೆಗೆ ಮೈಕಾಸುರ. ಒಂದೊಂದು ಬಂದಾಗಲೂ ನರ್ಸಮ್ಮ ತಮ್ಮ ತವರಿನವರೇ ಬಂದ ಹಾಗೆ ಸಂಭ್ರಮಪಡುವರು. ಸಿಡುಬು ಇಲ್ಲವೇ ಇಲ್ಲ ಎನ್ನುವಂತಾದ ವರ್ಷ, ಬೀದಿಯ ಮಕ್ಕಳ ತೋಳುಗಳನ್ನೆಲ್ಲ ಹಿಡಿದು ತಾವೇ ಹಾಕಿದ್ದ ಲಸಿಕೆಯ ಗುರುತು ಮುಟ್ಟಿ ಮುಟ್ಟಿ ನೋಡಿದ್ದರು.

ಹಾಗೇ ಬಂದದ್ದು ಡಬ್ಬಿ ಹಾಲು. ಹಿರಿಯೂರಿನಲ್ಲಿ ಅವರ ತಂಗಿಯ ಮಗಳ ಕೂಸು ಆ ಪುಡಿ ಹಾಲು ಕುಡಿದು ಗುಂಡಗೆ ಬೆಳೆದಿತ್ತಂತೆ. ಅದನ್ನು ನೋಡಿ ಬಂದವರು, ಹಾಲು ಸಾಲದ ಒಬ್ಬ ಬಾಣಂತಿಗೆ ಹೇಳಿದರು: "ಹೊಳಲ್ಕೆರೆ ಔಷಧಿ ಅಂಗಡೀಲಿ ಸಿಗುತ್ತೆ. ಬಾಟ್ಲಿ ಇಪ್ಪತ್ತು ನಿಮಿಷ ಕುದಿಸ್ರಿ, ಅಷ್ಟೇ." ಅದುವರೆಗೆ ಎದೆ ಹಾಲು ಸಾಲದ ಕೂಸಿಗೆ ನಾವು ಮೂತಿ ಇರುವ ಸಣ್ಣ ಬಟ್ಟಲಿನಂಥ ಒಳಲೆಯಲ್ಲಿ ಆಡಿನ ಹಾಲು ಹನಿಸುತ್ತಿದ್ದೆವು. ಅದು ಹಳೇ ಕಾಲದ್ದು ಎಂದು ಮೂಲೆ ಸೇರಿತು.

ಒಬ್ಬರಿಗೆ ಹೇಳಿದ್ದು ಹನ್ನೊಂದು ಮನೆಗೆ ಹರಡಿತು. ಹಾಲು ಇದ್ದವರಿಗೂ ಡಬ್ಬಿ ಬೇಕಾಯಿತು. ಡಬ್ಬಿಯ ಮೇಲೊಂದು ಮಗುವಿನ ಚಿತ್ರ ಇತ್ತು. ಹಣೆಯ ಮೇಲೆ ಒಂದೇ ಒಂದು ಗುಂಗುರು ಕೂದಲು, ಹಾಲಿನ ಕೆನೆಯಂಥ ಬಣ್ಣ. ಬಸುರಿಯರು ಬೆಳಗೆದ್ದು ಕಣ್ಣು ಬಿಟ್ಟರೆ ಆ ಮಗುವೇ ಕಾಣಬೇಕೆಂದು ಖಾಲಿ ಡಬ್ಬಿಯನ್ನು ಗೂಡಿನಲ್ಲಿ ಮುಖ ಈಚೆ ಮಾಡಿ ಇಡುವರು. ಬಾಣಂತಿ ನೋಡಲು ಹೋದವರು ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕುವುದು ಬಿಟ್ಟು ಡಬ್ಬಿ ಕೊಟ್ಟು ಬಂದರೆ ಅದೇ ದೊಡ್ಡಸ್ತಿಕೆ.

ನನ್ನ ಎರಡನೆಯ ಮಗಳು ಹುಟ್ಟಿದ್ದು ಎಪ್ಪತ್ತೇಳರಲ್ಲಿ. ಆಗ ತಾಳ್ಯದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸಲು ಶುರುಮಾಡಿದ್ದರು. ನನಗೆ ಹೋಗುವ ಆಸೆ. ಕೂಸಿಗೆ ಎರಡು ತಿಂಗಳಾಗುತ್ತಲೇ ಡಬ್ಬಿ ಹಿಡಿಸಿ, ಅತ್ತೆಯ ಕೈಗೆ ಕೊಟ್ಟು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯದಕ್ಕೆ ಬರತೊಡಗಿದೆ. ನನ್ನ ಹಾಲು ದಿನದಿನಕ್ಕೆ ಇಳಿಯಿತು. ನಾನು ಚಿಂತೆ ಮಾಡಲಿಲ್ಲ. ಡಬ್ಬಿ ಇತ್ತಲ್ಲ.

ದೀಪಾವಳಿ ಕಳೆದು ಕುರಿ ಈಯುವ ಕಾಲ ಬಂದಿತ್ತು. ಒಂದು ಮಂಗಳವಾರ ಕೂಸಿಗೆ ಭೇದಿ ಶುರುವಾಯಿತು. ಬುಧವಾರ ಬೆಳಗಿನ ಹೊತ್ತಿಗೆ ಅಳುವುದನ್ನೇ ನಿಲ್ಲಿಸಿತು. ಅತ್ತದ್ದಕ್ಕಿಂತ ಆ ಸುಮ್ಮನಾದದ್ದೇ ನನ್ನನ್ನು ಹೆದರಿಸಿತು. ನೆತ್ತಿ ಒಳಕ್ಕೆ ಕುಳಿಬಿದ್ದಿತ್ತು. ನನ್ನ ಯಜಮಾನರು ಸೈಕಲ್ ತೆಗೆದುಕೊಂಡು ಅವತ್ತು ಕೆಲಸದ ಮೇಲೆ ಪಕ್ಕದ ಹಳ್ಳಿಗೆ ಹೋಗಿದ್ದ ನರ್ಸಮ್ಮನನ್ನು ಹಿಂದೆ ಕೂರಿಸಿಕೊಂಡು ಬರುವ ಹೊತ್ತಿಗೆ ಹನ್ನೊಂದಾಗಿತ್ತು.

ಅವರು ಕೈ ತೊಳೆದರು. ಅಷ್ಟು ಅವಸರದಲ್ಲೂ ತೊಳೆದರು. ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಆ ಮಡಿಕೆ ಇಳಿಯಲಿಲ್ಲ, ಹಾಗೇ ನಿಂತಿತು. ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಹೊಳಲ್ಕೆರೆಗೆ ಗಾಡಿ ಕಟ್ಟಲಾ?" ಎಂದರು ನಮ್ಮ ಯಜಮಾನರು.

"ಗಾಡೀಲಿ ಮೂರು ತಾಸು. ಅಲ್ಲೀ ತಂಕ ಒಣಗಿಸ್ಕಂಡು ಹೋಗಾದು ಬ್ಯಾಡ. ಇಲ್ಲೇ ಶುರು ಮಾಡಾಣ. ಸಂಜೆ ಬಸ್ಸು ಬರಾದ್ರೊಳಗೆ ಕೂಸು ಉಚ್ಚೆ ಹೊಯ್ಯಬೇಕು. ಹೊಯ್ಲಿಲ್ಲ ಅಂದ್ರೆ ಅದೇ ಬಸ್ಸಿಗೆ ಹೊರಡಾಣ. ಬಸ್ಸಿನ ಹೊತ್ತಿಗೆ ನೀವು ರಸ್ತೆಗೆ ಹೋಗಿ ನಿಂತಿರ್ರಿ."

ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ತಾವೇ ನಾಲಗೆಗೆ ಹಚ್ಚಿ ನೋಡಿದರು. "ಕಣ್ಣೀರಿಗಿಂತ ಉಪ್ಪಾಗಬಾರದು" ಎಂದರು. ಆಮೇಲೆ ಸುತ್ತಲೂ ನೋಡಿ, "ದೊಡ್ಡಮ್ಮ, ನಿಮ್ಮ ಒಳಲೆ ಎಲ್ಲೈತೆ?" ಎಂದು ಕೇಳಿದರು. ಅತ್ತೆ ಮೂಲೆಯಿಂದ ಹುಡುಕಿ ತಂದದ್ದನ್ನು ಕುದಿಸಿ, ಗೋಡೆಗೊರಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹನಿಸತೊಡಗಿದರು. ಒಂದು ಹನಿ. ಗಂಟಲು ಅಲುಗುವ ತನಕ ಕಾಯುವುದು. ಇನ್ನೊಂದು ಹನಿ. ಎರಡು ಸಲ ಕೂಸು ಎಲ್ಲವನ್ನೂ ಕಕ್ಕಿತು. ಎರಡು ಸಲವೂ ಸೀರೆ ಒರೆಸಿಕೊಂಡು ಮೊದಲಿಂದ ಶುರುಮಾಡಿದರು. ನಾನು ಕೂಸಿನ ತೊಡೆಯ ಕೆಳಗಿನ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಒಣಗಿತ್ತು. ಮತ್ತೆ ಮುಟ್ಟುವುದು, ಮತ್ತೆ ಒಣಗೇ ಇರುವುದು. ನಾನು ಹೊಲಿಗೆ ಕಲಿಯಲು ಹೋಗದಿದ್ದರೆ ಎಂಬ ಒಂದೇ ಮಾತು ತಲೆಯಲ್ಲಿ ಗಿರಣಿಯಂತೆ ತಿರುಗುತ್ತಿತ್ತು.

ಮಧ್ಯಾಹ್ನ ಎರಡರ ಸುಮಾರಿಗೆ ನರ್ಸಮ್ಮ, "ಬಾಟ್ಲಿ ತಗಂಬರ್ರಿ" ಎಂದರು.

ಅತ್ತೆ ಪಡಸಾಲೆಗೆ ಹೋಗಿ ಕಂಬಳಿಯ ಗಂಟೊಂದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದರು. ಕಂಬಳಿ ನಮ್ಮ ಮನೆಗಳಲ್ಲಿ ಬರೀ ಹೊದಿಕೆಯಲ್ಲ. ದೇವರ ಗದ್ದುಗೆಗೆ ಹಾಸುವುದು ಅದನ್ನೇ, ಮದುವೆಯಲ್ಲಿ ಹೆಣ್ಣುಗಂಡನ್ನು ಕೂರಿಸುವುದು ಅದರ ಮೇಲೇ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ, ಹಾಗಾಗಿ ತೊಳೆಯುವ ಮಾತೇ ಇಲ್ಲ.

"ನೀ ಹೇಳ್ದಂಗೇ ಕುದಿಸೀನಿ ನರ್ಸಮ್ಮ, ಒಂದು ದಿನ ತಪ್ಪಿಲ್ಲ. ಕುದಿಸಿ ಎಲ್ಲೆಂದ್ರಲ್ಲಿ ಇಟ್ಟೂ ಇಲ್ಲ. ಕಂಬಳೀನಾಗೇ ಸುತ್ತಿಟ್ಟೀನಿ. ಮಡಿ" ಎಂದು ಅತ್ತೆ ಗಂಟು ಬಿಚ್ಚಿದರು.

ಬಾಟಲಿ, ರಬ್ಬರಿನ ತೊಟ್ಟು ಎರಡೂ ಕಂಬಳಿಯ ಮಡಿಕೆಯಲ್ಲಿದ್ದವು. ತೊಟ್ಟಿಗೆ ಎಳೆ ಉಣ್ಣೆ ಅಂಟಿಕೊಂಡಿತ್ತು. ಅದು ಚಳಿಗೆ ನಡುಗುವ ಎಳೆ ಮರಿಗಳನ್ನು ಬೆಳಗಿನ ಜಾವ ಸುತ್ತಿ ಒಳತರುತ್ತಿದ್ದ ಕಂಬಳಿ. ಮರಿಯ ಹಿಕ್ಕೆಯ ವಾಸನೆ ನನ್ನ ಮೂಗಿಗೂ ಬಡಿಯಿತು. ಅಲ್ಲಿಯವರೆಗೂ ಅದು ಮನೆಯ ವಾಸನೆ ಎಂದೇ ನಾನು ತಿಳಿದಿದ್ದೆ.

ನರ್ಸಮ್ಮ ಅತ್ತೆಯನ್ನು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಒಳಲೆ ಹಿಡಿದ ಕೈ ನಿಲ್ಲಿಸದೆ ಮೆಲ್ಲಗೆ ಹೇಳಿದರು:

"ಹೋದ ತಿಂಗಳು ತೂಕ ನೋಡಾಕೆ ಬಂದಾಗ ಇದನ್ನ ನಾನು ನೋಡಿದ್ದೆ ದೊಡ್ಡಮ್ಮ. ಬಾಟ್ಲಿ ಕಂಬಳಿ ಮೇಲಿತ್ತು. ಹೇಳಬೇಕು ಅಂತ ಬಾಯಿ ತೆರೆದೆ. ಕಂಬಳಿಗೆ ನೀವು ಹೆಂಗೆ ನಡ್ಕಳ್ತೀರಿ ಅಂತ ಗೊತ್ತಲ್ಲ, ಅದನ್ನ ಹೊಲಸು ಅಂತ ಹೆಂಗೆ ಅನ್ನಾದು? ನಿಮ್ಮ ಮುಂದೆ ಒಳ್ಳೇಳು ಅನ್ನಿಸ್ಕಳಾಕೆ ಸುಮ್ಮನಾದೆ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಂಬಳಿಯನ್ನು ಕೈಬಿಟ್ಟರು. ಅದು ನೆಲಕ್ಕೆ ಬಿತ್ತು. ಕಂಬಳಿ ಹಾಗೆ ಬಿದ್ದದ್ದನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೊಂದೇ ಸಲ.

ನಾಲ್ಕೂವರೆ ಆಯಿತು. ಐದಾಯಿತು. ದೂರದಲ್ಲಿ ಹಳ್ಳದ ಏರು ಹತ್ತುವ ಬಸ್ಸಿನ ಸದ್ದು ಕೇಳಿಸಿತು. ರಸ್ತೆಯಿಂದ ನಮ್ಮ ಯಜಮಾನರು, "ಬಸ್ಸು ನಿಲ್ಲಿಸ್ಲಾ?" ಎಂದು ಕೂಗಿದರು. ನರ್ಸಮ್ಮ ಕೂಸನ್ನು ಎತ್ತಿಕೊಂಡು ಎದ್ದೇ ಬಿಟ್ಟರು. ನಾನು ಬಟ್ಟೆ ಎಳೆದುಕೊಳ್ಳಲು ಬಗ್ಗಿದೆ. ನನ್ನ ಮುಂಗೈ ಮೇಲೆ ಬೆಚ್ಚಗೆ ಒಂದು ಎಳೆ ಹರಿಯಿತು.

"ಹೊಯ್ತು" ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಅತ್ತೆ ಬಾಗಿಲಿಗೆ ಓಡಿ, "ಹೊಯ್ತು ಕಣಾ! ಬಸ್ಸು ಹೋಗ್ಲಿ ಬಿಡು!" ಎಂದು ಇಡೀ ಬೀದಿಗೆ ಕೇಳುವಂತೆ ಕಿರುಚಿದರು. ನರ್ಸಮ್ಮ ಮತ್ತೆ ಕೂತು, ಮತ್ತೆ ಒಳಲೆ ತೆಗೆದುಕೊಂಡರು.

ಕೂಸು ಉಳಿಯಿತು ಎಂದು ನಂಬಲು ಇನ್ನೂ ಮೂರು ದಿನ ಬೇಕಾಯಿತು. ಡಬ್ಬಿ ಎತ್ತಿಟ್ಟದ್ದಾಯಿತು, ಇನ್ನು ಕುಡಿಸುವುದೇನು? ನನಗೆ ಹಾಲೇ ಇರಲಿಲ್ಲ. ನರ್ಸಮ್ಮ ಅತ್ತೆಯನ್ನೇ ಕೇಳಿದರು.

"ಕುರಿಗೆ ಹಾಲು ಬತ್ತಿದ್ರೆ ಏನು ಮಾಡ್ತೀರಿ?"

"ಮರಿ ಬಿಡ್ತೀವಿ."

"ಎಷ್ಟು ಸಲ?"

"ಎಷ್ಟು ಸಲ ಅಂತ ಯಾರಾದ್ರೂ ಎಣಿಸ್ತಾರಾ? ಮರಿ ಬಾಯಿ ಬಿಟ್ಟಾಗೆಲ್ಲ."

"ಹಂಗೇ ಮಾಡ್ರಿ. ನಡುವೆ ಒಳಲೇಲಿ ಆಡಿನ ಹಾಲು ಕಾಯಿಸಿ ಹಾಕ್ರಿ."

ಅತ್ತೆ ನನ್ನನ್ನು ಒಲೆಯ ಹತ್ತಿರ ಕೂರಿಸಿ, ಬಿಸಿನೀರಿನ ಬಟ್ಟೆ ಒತ್ತಿ, ಸಬ್ಬಸಿಗೆ ಸೊಪ್ಪು ತಿನ್ನಿಸಿ, ಕೂಸನ್ನು ಎದೆಗೆ ಹಚ್ಚುತ್ತಲೇ ಇದ್ದರು. ಹನ್ನೆರಡನೆಯ ದಿನ ಕೂಸು ಎದೆ ಬಿಟ್ಟಾಗ ಅದರ ತುಟಿಯ ಅಂಚಿನಲ್ಲಿ ಬಿಳಿಯ ಹನಿ ಕಂಡಿತು. ನರ್ಸಮ್ಮ ಅದನ್ನು ನೋಡಿದರು. ನಾವೆಲ್ಲ ನಗುತ್ತಿದ್ದೆವು, ಅವರೊಬ್ಬರು ನಗಲಿಲ್ಲ. "ನನ್ನ ಜತೆ ಒಂದು ಮನೆಗೆ ಬರ್ತೀಯೇನವ್ವಾ? ಒಬ್ಳೇ ಹೋಗಾಕೆ ಆಗ್ತಿಲ್ಲ" ಎಂದರು.

ಅದು ಬೀದಿಯ ಕೊನೆಯ ಮನೆ. ಹಿಂದಿನ ಬೇಸಿಗೆಯಲ್ಲಿ ಅಲ್ಲಿ ಐದು ತಿಂಗಳ ಗಂಡು ಕೂಸು ಭೇದಿಯಾಗಿ ಹೋಗಿತ್ತು. ಅವರ ಮನೆಯದೂ ಡಬ್ಬಿ ಹಾಲೇ. ಅಲ್ಲೂ ಕುರಿ, ಅಲ್ಲೂ ಕಂಬಳಿ. ದಾರಿಯಲ್ಲಿ ನರ್ಸಮ್ಮ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. "ಹತ್ತು ವರ್ಷ ತಡ್ಕಳ್ರಿ ಅಂತಿದ್ದೆ. ಲೈಟು ಬಂತು, ರೇಡಿಯೋ ಬಂತು, ಬಾಟ್ಲಿ ಬಂತು. ತೊಳೆದ ಬಾಟ್ಲಿ ಇಡಾಕೆ ಒಂದು ಜಾಗ ಬೇಕಲ್ಲ, ಅದು ಬರ್ಲಿಲ್ಲ. ಅದು ಬರ್ಲಿಲ್ಲ ಅನ್ನಾದು ನನ್ನ ಕಣ್ಣಿಗೆ ಕಾಣ್ಲಿಲ್ಲ. ಸಿಡುಬು ಹೋದದ್ದು ಸುಳ್ಳಲ್ಲವ್ವಾ. ಅದು ನಿಜ. ಆದ್ರೆ ಅದೊಂದನ್ನ ಹಿಡ್ಕಂಡು ಎಲ್ಲಾನೂ ಹಂಗೇ ಅಂದ್ಕಂಬಿಟ್ಟೆ."

ಆ ತಾಯಿ ಹೊಸ್ತಿಲ ಬಳಿ ಉಣ್ಣೆ ನೂಲುತ್ತಿದ್ದಳು. ನಮ್ಮನ್ನು ಕಂಡು, "ಬರ್ರಿ ನರ್ಸಮ್ಮ, ಕುಂತ್ಕಳ್ರಿ" ಎಂದು ಕೈಯ ತಕಲಿ ಕೆಳಗಿಟ್ಟಳು. ನರ್ಸಮ್ಮ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು, ಡಬ್ಬಿ, ಬಾಟಲಿ, ಕಂಬಳಿ, ನಮ್ಮ ಕೂಸು. "ನಿನ್ನ ಕೂಸೂ ಅದಕ್ಕೇ ಹೋಗಿರಬೇಕು. ನಾನು ಹೇಳಿದ್ದಕ್ಕೇ ನೀನು ಡಬ್ಬಿ ತಂದದ್ದು" ಎಂದರು.

ಆಕೆ ಅಳಲಿಲ್ಲ. ಕೆಳಗಿಟ್ಟ ತಕಲಿಯ ಬಿಚ್ಚಿದ ನೂಲನ್ನು ಮತ್ತೆ ಸುತ್ತಿಟ್ಟಳು.

"ನೀವು ಹೇಳಿದ್ರಿ ಅಂತ ತರ್ಲಿಲ್ಲ ಕಣ್ರಿ" ಎಂದಳು. "ಆ ಡಬ್ಬಿ ಮೇಲಿನ ಕೂಸು ನಗ್ತಿತ್ತಲ್ಲ, ನನ್ನ ಮಗನೂ ಹಂಗೇ ಆಗ್ಲಿ ಅಂತ ತಂದೆ." ಮತ್ತೆ, "ನಾನೇ ಏನೋ ತಪ್ಪು ಮಾಡೀನಿ ಅಂತಿದ್ರು ನಮ್ಮನೇರು. ನನ್ನ ಕಾಲ್ಗುಣ ಅಂತಿದ್ರು. ಅವರ ಮುಂದೆ ಇನ್ನೊಂದು ಸಲ ಹೇಳ್ರಿ" ಎಂದಳು.

ನರ್ಸಮ್ಮ ಅವಳ ಅತ್ತೆ ಮಾವಂದಿರನ್ನು ಹೊರಗೆ ಕರೆದು ಇನ್ನೊಂದು ಸಲ ಹೇಳಿದರು. ಮಾವ ಬಾಯಿಗೆ ಬಂದದ್ದು ಅಂದ. ಅವರು ತಲೆ ತಗ್ಗಿಸಿ ಅನ್ನಿಸಿಕೊಂಡರು. ಆಮೇಲೆ ಉಳಿದ ಮನೆಗಳಿಗೂ ಹೋದರು. ಕೆಲವರು ಡಬ್ಬಿ ಬಿಟ್ಟರು. "ಅವತ್ತು ಒಂದು ಹೇಳ್ತೀರಿ, ಇವತ್ತು ಒಂದು ಹೇಳ್ತೀರಿ" ಎಂದು ಬಾಗಿಲು ಹಾಕಿಕೊಂಡವರೂ ಇದ್ದರು. ಜಗಲಿಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂರುವುದು ನಿಂತುಹೋಯಿತು. ಹೊಸದೇನಾದರೂ ಬಂದಿದೆ ಎಂದು ಯಾರಾದರೂ ಹೇಳಿದರೆ ಮೊದಲಿನಂತೆ ಮುಖ ಅರಳುತ್ತಿರಲಿಲ್ಲ. "ಅದನ್ನ ಎಲ್ಲಿ ಇಡ್ತಾರಂತೆ? ಯಾರು ತೊಳೀತಾರಂತೆ?" ಎಂದು ಕೇಳುವರು.

ಎಪ್ಪತ್ತೊಂಬತ್ತರಲ್ಲಿ ಅವರಿಗೆ ಹೊಸದುರ್ಗದ ಕಡೆಗೆ ವರ್ಗವಾಯಿತು. ಹೊರಡುವ ದಿನ ಅವರ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನವರೆಗೆ ತಂದವಳು ಬೀದಿ ಕೊನೆಯ ಮನೆಯ ಆ ತಾಯಿ. ಆಗ ಅವಳು ಮತ್ತೆ ಬಸುರಿ. ಟ್ರಂಕನ್ನು ಕಂಡಕ್ಟರನ ಕೈಗೆ ಕೊಟ್ಟು ಸಿಂಬಿ ಬಿಚ್ಚಿಕೊಳ್ಳುತ್ತ, "ಮುಂದಿನ ಊರಾಗೆ ಮೊದಲನೇ ದಿನಾನೇ ಹೇಳ್ರಿ ನರ್ಸಮ್ಮ. ನಮ್ಮೂರಂಗೆ ತಡ ಮಾಡಬ್ಯಾಡ್ರಿ" ಎಂದಳು. ನರ್ಸಮ್ಮ ಅವಳ ಎರಡೂ ಕೈ ಹಿಡಿದುಕೊಂಡರು. ನನ್ನ ಕಡೆ ಒಂದು ಸಲ ನೋಡಿ, ಹತ್ತಿ ಕೂತರು.

ಅದಾದ ಮೇಲೆ ನಾನು ಅವರನ್ನು ಕಾಣಲಿಲ್ಲ. ಹೋಗಬೇಕು, ಅವರು ಉಳಿಸಿದ ಎರಡನೆಯ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ ಬರಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಆ ಮಗಳು ಕಾಲೇಜು ಸೇರಿದ ವರ್ಷ ಅವಳನ್ನು ಬಿಡಲು ಹೊಳಲ್ಕೆರೆಯಿಂದ ಚಿತ್ರದುರ್ಗದ ಬಸ್ಸು ಹತ್ತಿದ್ದೆವು. ಮುಂದಿನ ಸೀಟಿನಲ್ಲಿ ಹೊಸದುರ್ಗದ ಕಡೆಯ ಅಜ್ಜಿ, ಸೊಸೆ, ಸೊಸೆಯ ಮಡಿಲಲ್ಲಿ ಕೂಸು. ಕೂಸು ಬಸ್ಸು ಹಾರಿಹೋಗುವಂತೆ ಅಳುತ್ತಿತ್ತು. ಕಂಡಕ್ಟರ್, "ಬಾಯಿಗೆ ಬಾಟ್ಲಿ ಇಡಮ್ಮಾ, ಡ್ರೈವರ್ಗೆ ದಾರಿ ಕಾಣ್ತಿಲ್ಲ" ಎಂದು ತಮಾಷೆ ಮಾಡಿದ.

"ನಮ್ಮೂರಾಗೆ ಬಾಟ್ಲಿ ಹೊಕ್ಕಿಲ್ಲಪ್ಪ" ಎಂದಳು ಅಜ್ಜಿ, ಸೊಸೆಯ ಸೆರಗು ಸರಿಮಾಡಿ ಕೂಸಿಗೆ ಮರೆಮಾಡುತ್ತ. "ನಮ್ಮ ನರ್ಸಮ್ಮ ಹೊಗಿಸ್ಲಿಲ್ಲ."

ನಾನು ಮುಂದಕ್ಕೆ ಬಾಗಿ, ಯಾವ ನರ್ಸಮ್ಮ ಎಂದು ಕೇಳಿದೆ. ಹಿರಿಯೂರಿನವರಂತೆ. ಹೋದ ಆಷಾಢದಲ್ಲಿ ಹಿರಿಯೂರಿನಲ್ಲೇ ತೀರಿಕೊಂಡರಂತೆ. ಊರಿನಿಂದ ಒಂದು ಲಾರಿ ಮಾಡಿಕೊಂಡು ಮಣ್ಣಿಗೆ ಹೋಗಿದ್ದರಂತೆ. ಅಜ್ಜಿ ಹೇಳುತ್ತ ಹೋದಳು. "ಯಾರ ಮನೆಗೆ ಮೊದಲ ಸಲ ಬಂದ್ರೂ ಕೈ ತೊಳ್ಕಂಡು ಅದೇ ಮಾತು ಅನ್ನಾರು. 'ಹಿಂದೆ ಇದ್ದ ಊರಾಗೆ ನನ್ನ ಮಾತು ಕೇಳಿ ಒಂದು ಕೂಸು ಹೋಯ್ತು. ಈಗ ನಾನು ಹೇಳಾದನ್ನ ನೀವೂ ಯೋಚ್ನೆ ಮಾಡಿ ಕೇಳ್ರಿ' ಅಂತ. ಹಂಗೆ ಹೇಳೋ ಡಾಕ್ಟ್ರನ್ನಾಗ್ಲಿ ನರ್ಸನ್ನಾಗ್ಲಿ ನಾ ಎಲ್ಲೂ ಕಂಡಿಲ್ಲವ್ವಾ."

"ಒಂದು ಕೂಸು ಉಳೀತು ಅಂತ ಹೇಳ್ಲಿಲ್ಲವಾ? ಅದೇ ಊರಾಗೆ?"

ಅಜ್ಜಿ ನೆನಪು ಮಾಡಿಕೊಂಡಳು. "ಇಲ್ಲವ್ವಾ. ಉಳಿದಿದ್ದು ಯಾವುದನ್ನೂ ಹೇಳ್ಲಿಲ್ಲ. ಹೋದದ್ದೊಂದನ್ನೇ ಹೇಳಾರು."

ನನ್ನ ಪಕ್ಕದಲ್ಲಿ ಮಗಳು ಕಿಟಕಿಯ ಕಂಬಿಗೆ ತಲೆ ಆನಿಸಿ ಕೂತಿದ್ದಳು. ನಾನು ಅವಳ ಕೈ ಹಿಡಿದು ಮುಂದಿನ ಸೀಟಿನ ಮೇಲೆ ಅಜ್ಜಿಯ ಮುಂದಿಟ್ಟೆ.

"ಇವಳು" ಎಂದೆ.